ಹಸಿರು ಹಾಳೆಯ ನಾದಿನಿ

ಬಸುರಿ ನಾದಿನಿ ಶೋಭಾಳ ಸೀಮಂತ, ಅಂದರೆ ನಮ್ಮ ಕಡೆಯ ಕುಬಸ, ಕೊಪ್ಪಳದ ನಮ್ಮ ಮನೆಯಲ್ಲೇ ಎಂದು ನಿಶ್ಚಯವಾಯಿತು. ಅವಳ ಕುರ್ಚಿಯ ಹಿಂದೆ ಫ್ಲೆಕ್ಸ್ ಕಟ್ಟೋಣ ಎಂದವರ ಬಾಯಿಯನ್ನು ನಾನೇ ಮುಚ್ಚಿಸಿದೆ. ಫ್ಲೆಕ್ಸಂತೆ! ಕುಬಸಕ್ಕೂ ಅದೇ ಗುಲಾಬಿ, ಶ್ರದ್ಧಾಂಜಲಿಗೂ ಅದೇ ಗುಲಾಬಿ! ಕಾನ್ವೆಂಟಿನ ಸಿಸ್ಟರುಗಳಿಂದ ಕಾಗದ ಕತ್ತರಿಸುವ ಕಲೆ ಕಲಿತವಳು ನಾನು. ನಾದಿನಿಯ ಪಕ್ಕಮುಖದ ನೆರಳುಚಿತ್ರವನ್ನು ಸ್ವಹಸ್ತದಿಂದ ಕತ್ತರಿಸುವುದಾಗಿ ಘೋಷಿಸಿದೆ.

“ವೈನಿ, ಗಿಣಿಗೇರಾದಿಂದ ನಮ್ಮ ಅತ್ತಿ ಮನಿ ಮಂದಿ ಬರ್ತಾರ. ನನ್ನ ಮಾನ ನಿಮ್ಮ ಕೈಯಾಗೈತಿ ನೋಡ್ರಿ,” ಎಂದಳು ಶೋಭಾ.

“ಮಾನ ಅಷ್ಟ ಅಲ್ಲ, ನಿನ್ನ ಮೂಗೂ ನನ್ನ ಕೈಯಾಗೈತಿ!” ಎಂದೆ.

ಕಪ್ಪು ಹಾಳೆಯ ಬಿಳಿ ಬೆನ್ನು ಕಾಣುವಂತೆ ಗೋಡೆಗೆ ಅಂಟಿಸಿ, ಅವಳನ್ನು ಅಡ್ಡಕ್ಕೆ ಕೂರಿಸಿ, ಯಜಮಾನರ ಕೈಗೆ ಮೊಬೈಲ್ ಟಾರ್ಚ್ ಕೊಟ್ಟೆ. ಅವರ ಪಕ್ಕದಲ್ಲಿ ಮಿರ್ಚಿ ಭಜಿಯ ತಟ್ಟೆ. ಅವರು ತಟ್ಟೆಯತ್ತ ವಾಲಿದಂತೆಲ್ಲ ಟಾರ್ಚೂ ವಾಲಿತು, ನೆರಳಿನ ಮೂಗು ಉದ್ದವಾಯಿತು. ನಾನು ನಿಷ್ಠೆಯಿಂದ ಗೆರೆ ಎಳೆದೆ. ನೆರಳು ಸುಳ್ಳು ಹೇಳುವುದಿಲ್ಲ ಎಂದಿದ್ದರು ಸಿಸ್ಟರ್. ಟಾರ್ಚು ನನ್ನ ಗಂಡನ ಕೈಯಲ್ಲಿರುತ್ತದೆಂದು ಪಾಪ, ಅವರಿಗೇನು ಗೊತ್ತು!

ಕತ್ತರಿಸಿ ಎತ್ತಿ ಹಿಡಿದೆ. ಅತ್ತೆ ಹೌಹಾರಿದರು.

“ಕುಬಸದ ಮನ್ಯಾಗ ಕರೇ ಮಾರಿ ಹಚ್ಚತೀಯೇನ? ಸೀರಿ ಹಸರು, ಬಳಿ ಹಸರು, ಮಾರೀನೂ ಹಸರ ಇರ್ಲಿ!”

ಆಯಿತು, ಹಸಿರು ಹಾಳೆ ತಂದು ಅದೇ ಮುಖವನ್ನು ಮತ್ತೆ ಕತ್ತರಿಸಿದೆ. ಉದ್ದ ಮೂಗನ್ನು ತಿದ್ದಲು ಕೆಳಗಿನಿಂದ ಚೂರು ಕತ್ತರಿಸಿದೆ. ಬಾಗಿತು. ಇನ್ನೊಂದು ಚೂರು. ಕೊಕ್ಕೆಯಾಯಿತು! ಗಮನ ಬೇರೆಡೆ ಹೋಗಲೆಂದು ತುಟಿಗೆ ಕೆಂಪು ಹಾಳೆ, ಕೊರಳಿಗೆ ಕೆಂಪು ಸರ ಅಂಟಿಸಿದೆ. ಇಷ್ಟರಲ್ಲಿ ಬೀಗರ ಗಾಡಿ ಬಾಗಿಲಿಗೇ ಬಂತು. ಕುರ್ಚಿಯ ಹಿಂದಿನ ಗೋಡೆ ಬೋಳು. ಬೇರೆ ದಾರಿಯಿಲ್ಲದೆ ಅದನ್ನೇ ಹಚ್ಚಿದೆ.

ಶೋಭಾ ಒಮ್ಮೆ ತಿರುಗಿ ನೋಡಿ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು. ಕಣ್ಣಲ್ಲಿ ನೀರು. ಅವಳ ಅತ್ತೆ ಗೋಡೆಯೆದುರು ನಿಂತು ದಿಟ್ಟಿಸಿದರು.

“ಅಯ್ಯ, ಗಿಣಿ ಎಷ್ಟ ಛಂದ ಕತ್ತರಿಸೀರೆವ್ವಾ! ಗಿಣಿಗೇರಾ ಸೊಸಿ ಅಂತ ಗಿಣೀನ ಮಾಡೀರಿ? ಭಾಳ ಶಾಣ್ಯಾ ಅದೀರಿ ಬಿಡ್ರಿ!”

ಯಜಮಾನರಿಗೆ ಕೆಮ್ಮು ಬಂತು. ಶೋಭಾ ನನ್ನನ್ನೇ ನೋಡುತ್ತಿದ್ದಳು.

“ಹೌದ್ರಿ,” ಎಂದೆ, “ಗಿಣೀನ ರೀ ಅದು.”

ಶೋಭಾಳ ಹಲ್ಲಿನಿಂದ ಸೆರಗು ಬಿಡುಗಡೆಯಾಯಿತು. ಅವಳ ಮಾನ ಉಳಿಯಿತು. ನನ್ನ ಕಲೆಯ ಮಾತು ಬಿಡಿ.

“ತೊಟ್ಟಿಲ ಕಾರ್ಯಕ್ಕೂ ಇಂಥಾವ ನಾಕು ಗಿಣಿ ಮಾಡಿಕೊಡ್ರಿ ಮತ್ತ,” ಎಂದು ಹೇಳಿ ಹೋಗಿದ್ದಾರೆ ಬೀಗತಿ. ಒಪ್ಪಿಕೊಂಡಿದ್ದೇನೆ. ಗಿಣಿ ಕತ್ತರಿಸಲು ಕುಳಿತಾಗ ನಾದಿನಿಯ ಮುಖ ತದ್ರೂಪವಾಗಿ ಮೂಡಿಬಿಟ್ಟೀತು ಎಂಬುದೊಂದೇ ಈಗ ನನ್ನ ಭಯ!