ಕಾಲ್ಗುಣ ಮತ್ತು ನಾಲ್ಕನೇ ಕ್ವಾರ್ಟರ್

ಭವಿಷ್ಯ ಹೇಳುವುದು ನಮ್ಮ ದೇಶದವರ ಕಸುಬು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ನ್ಯೂಜೆರ್ಸಿಗೆ ಬಂದು ನೋಡಿ. ಸೂಟು ತೊಟ್ಟ ಗಂಡಸರು ಟಿ.ವಿ.ಯಲ್ಲಿ ಸಾಲಾಗಿ ಕೂತು, ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಬರುವ ಸೀಸನ್ನಿನಲ್ಲಿ ನಿರೀಕ್ಷೆಯ ಮಟ್ಟ ಮುಟ್ಟುತ್ತದೆಯೋ ಇಲ್ಲವೋ ಎಂದು ಗಂಟೆಗಟ್ಟಲೆ ಕವಡೆ ಹಾಕುತ್ತಾರೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಹುಡುಗ ಪಳಗಿದ್ದಾನೆ, ಆದರೆ ಡಿಫೆನ್ಸ್ ಸೋರುತ್ತದೆ. ಕೋಚ್ ಬುದ್ಧಿವಂತ, ಆದರೆ ಎದುರಾಳಿಗಳು ಗಟ್ಟಿ. ಮೈಸೂರಿನಲ್ಲಿ ನಮ್ಮ ಬೀದಿಯ ಜೋಯಿಸರೂ ಹೀಗೆಯೇ, ‘ಯೋಗ ಇದೆ, ಸ್ವಲ್ಪ ಅಡ್ಡಿಯೂ ಇದೆ’ ಅನ್ನುತ್ತಿದ್ದರು. ಪಾಪ, ಅವರು ಟೈ ಕಟ್ಟುತ್ತಿರಲಿಲ್ಲ ಅಷ್ಟೇ. ವೆಸ್ಟ್ ವಿಂಡ್ಸರ್‌ನ ನಮ್ಮ ಮನೆಯಲ್ಲಿ ಮಾತ್ರ ಇಷ್ಟೆಲ್ಲ ವಿಶ್ಲೇಷಣೆ ಬೇಕಿಲ್ಲ. ಆಟ ನಡೆಯುವಾಗ ನಾನು ಎಲ್ಲಿರುತ್ತೇನೆ ಎಂಬುದೊಂದರ ಮೇಲೆ ಎಲ್ಲವೂ ನಿಂತಿದೆ.

ಆ ಆಟ ನನಗೆ ಒಂದಕ್ಷರವೂ ತಿಳಿಯುವುದಿಲ್ಲ. ಹೆಸರಿಗೆ ಫುಟ್‌ಬಾಲ್, ಆಡುವುದೆಲ್ಲ ಕೈಯಲ್ಲಿ. ದಾಂಡಿಗರು ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಏಳುತ್ತಾರೆ, ತಲೆಗೆ ತಲೆ ಕೊಟ್ಟು ಮೀಟಿಂಗ್ ಮಾಡುತ್ತಾರೆ, ಮತ್ತೆ ಹೋಗಿ ಬೀಳುತ್ತಾರೆ. ಮಾರಿಸ್‌ಟೌನ್‌ನ ನನ್ನ ಆಫೀಸಿನಲ್ಲಿ ವಾರವಿಡೀ ಇದನ್ನೇ ನೋಡುವವಳಿಗೆ ಶನಿವಾರವೂ ಇದು ಬೇಕೆ? ಆದರೆ ನನ್ನ ಗಂಡ ಶ್ರೀಧರ ಎಂ.ಎಸ್. ಮಾಡಿದ್ದು ಅದೇ ಕಾಲೇಜಿನಲ್ಲಿ, ಮಗಳು ನಿಧಿ ಓದುತ್ತಿರುವುದೂ ಅಲ್ಲೇ. ಹಾಸ್ಟೆಲಿನಿಂದ ಅವಳು ಮನೆಗೆ ಬರುವುದೇ ಶನಿವಾರ, ಅಪ್ಪನ ದೊಡ್ಡ ಟಿ.ವಿ.ಯಲ್ಲಿ ಆಟ ನೋಡುವುದಕ್ಕೆ. ಸೋಫಾದ ಮೇಲೆ ಅವಳ ಪಕ್ಕ ಕೂತರೆ ಜಾಹೀರಾತಿನ ನಡುವೆಯಾದರೂ ನಾಲ್ಕು ಮಾತಿಗೆ ಸಿಗುತ್ತಾಳೆ. ನನಗೆ ಬೇಕಿದ್ದದ್ದು ಅಷ್ಟೇ.

ಹೋದ ವರ್ಷ ಅದಕ್ಕೂ ಕಲ್ಲು ಬಿತ್ತು. ತಂಡ ಗೆಲ್ಲುತ್ತಿತ್ತು, ನಾನು ಒಗ್ಗರಣೆ ಅವಲಕ್ಕಿ ಹಿಡಿದು ಒಳಗೆ ಬಂದೆ, ನಮ್ಮ ಹುಡುಗ ಎಸೆದ ಚೆಂಡು ಸೀದಾ ಎದುರಾಳಿಯ ಮಡಿಲಿಗೆ ಬಿತ್ತು. ಮುಂದಿನ ವಾರ ಕಾಫಿ ತಂದೆ, ಕಾಫಿಯ ಹಿಂದೆಯೇ ಸೋಲೂ ಬಂತು. ಅದರ ಮುಂದಿನ ವಾರ ಕ್ವೀನ್ಸ್ ಕಡೆಯ ಫ್ಲೋರಲ್ ಪಾರ್ಕ್‌ನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ, ಇವರು ಭರ್ಜರಿಯಾಗಿ ಗೆದ್ದರು. ವಾಪಸು ಬಂದರೆ ಅಪ್ಪ, ಮಗಳು ನ್ಯಾಯಾಧೀಶರ ಹಾಗೆ ಕೂತಿದ್ದಾರೆ. “ಅಮ್ಮಾ, ನೋ ಅಫೆನ್ಸ್, ಬಟ್ ಐ ಥಿಂಕ್ ಯೂ ಆರ್ ಎ ಜಿಂಕ್ಸ್” ಅಂದಳು ಮಗಳು. ನನಗೆಲ್ಲಿ ಅರ್ಥವಾಗಲಿಲ್ಲವೋ ಎಂದು ಶ್ರೀಧರ ಬಿಡಿಸಿ ಹೇಳಿದರು: “ಅದೇ ಕಣೇ, ಕಾಲ್ಗುಣ ಅಂತಾರಲ್ಲ, ಅದು.”

ಮೈಯೆಲ್ಲ ಉರಿದುಹೋಯಿತು. ಕಾಲ್ಗುಣವಂತೆ! ನಾನು ಸೇರು ಒದ್ದು ಇವರ ಮನೆ ಹೊಕ್ಕಾಗ ನಮ್ಮತ್ತೆ ನನ್ನ ಪಾದವನ್ನೇ ಹದ್ದಿನ ಹಾಗೆ ನೋಡುತ್ತಿದ್ದರು. ಅದೇ ವಾರ, ಅವರು ವರ್ಷಗಟ್ಟಲೆ ಕಾದಿದ್ದ ಟೆಲಿಫೋನ್ ಕನೆಕ್ಷನ್ ಬಂತು. ‘ನಮ್ಮ ಸೊಸೆ ಕಾಲ್ಗುಣ ನೋಡಿ’ ಎಂದು ಅತ್ತೆ ನೆಂಟರಿಗೆಲ್ಲ ಆ ಫೋನಿನಲ್ಲೇ ಸಾರಿದರು. ಅತ್ತೆಯಿಂದ ಸರ್ಟಿಫಿಕೇಟ್ ಪಡೆದ ಕಾಲು ಸ್ವಾಮೀ ಇದು! “ಅಲ್ರೀ, ಆ ಹುಡುಗ ನೆಟ್ಟಗೆ ಎಸೀದೇ ಇದ್ರೆ ನನ್ನ ಕಾಲು ಏನ್ರೀ ಮಾಡತ್ತೆ? ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ!” ಎಂದು ಕೂಗಾಡಿದೆ. ಏನೂ ಪ್ರಯೋಜನವಾಗಲಿಲ್ಲ. ಅಂದಿನಿಂದ ಶನಿವಾರ ಬಂತೆಂದರೆ ನನಗೆ ಗಡೀಪಾರು. “ಹಿಲ್‌ಸೈಡ್ ಅವೆನ್ಯೂ ಇಂಡಿಯನ್ ಅಂಗಡೀಲಿ ಎಳೇ ಹೀರೇಕಾಯಿ ಬಂದಿದೆಯಂತೆ, ಹಾಗೇ ತಂಗೀನೂ ನೋಡ್ಕೊಂಡ್ ಬಾ” ಎಂದು ಸೇತುವೆ ದಾಟಿಸಿ ಕ್ವೀನ್ಸ್‌ಗೆ ಅಟ್ಟುತ್ತಿದ್ದರು. ತಂಡ ಗೆಲ್ಲುತ್ತಲೇ ಹೋಯಿತು. ಊರೆಲ್ಲ ಕೋಚನ್ನು ಹೊಗಳಿತು. ಟ್ರಾಫಿಕ್ಕಿನಲ್ಲಿ ಹೀರೇಕಾಯಿಯ ಜೊತೆ ಕೂತು ತಂಡವನ್ನು ಮೇಲೆತ್ತಿದವಳ ಹೆಸರನ್ನು ಒಬ್ಬನೂ ಎತ್ತಲಿಲ್ಲ.

ಹಾಗಾಗಿ ಈ ವರ್ಷ ನಿರೀಕ್ಷೆ ಆಕಾಶದಲ್ಲಿತ್ತು. ನಾನೂ ಹೀರೇಕಾಯಿಗೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆಗಸ್ಟಿನಲ್ಲಿ ಹಾಸ್ಟೆಲಿಗೆ ಹೊರಡಲು ಬಟ್ಟೆ ಜೋಡಿಸಿಕೊಳ್ಳುತ್ತಿದ್ದ ನಿಧಿ ತಲೆಯೆತ್ತದೆ ಹೇಳಿದಳು: “ಇಟ್ಸ್ ಮೈ ಲಾಸ್ಟ್ ಇಯರ್, ಅಮ್ಮಾ. ಕಮ್ ಟು ದ ಫಸ್ಟ್ ಗೇಮ್. ಸಿಟ್ ವಿತ್ ಮೀ.”

“ಸೋತುಬಿಟ್ರೆ?”

“ದೆನ್ ವೀ ಲೂಸ್.”

ಶ್ರೀಧರ “ಓಪನಿಂಗ್ ಗೇಮ್ ಕಣಮ್ಮಾ, ಎಕ್ಸ್‌ಪೆಕ್ಟೇಷನ್ ಜಾಸ್ತಿ ಇದೆ...” ಎಂದು ರಾಗ ಎಳೆದರು. ಮಗಳು ನೋಡಿದ ನೋಟಕ್ಕೆ ಬಾಯಿ ಮುಚ್ಚಿದರು. ಆಣೆ ಮಾಡಿ ಹೇಳುತ್ತೇನೆ, ಟೆಲಿಫೋನ್ ಬಂದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಸ್ಟೇಡಿಯಂನಲ್ಲಿ ಅಪ್ಪ ಮಗಳ ನಡುವೆ ಮಹಾರಾಣಿಯ ಹಾಗೆ ಕೂತೆ. ಮೂರು ಕ್ವಾರ್ಟರ್ ನಮ್ಮವರೇ ಮುಂದಿದ್ದರು. ನಾಲ್ಕನೆಯದರಲ್ಲಿ, ಕೊನೆಯ ಕ್ವಾರ್ಟರ್ ಅದು, ಎದುರಾಳಿಗಳು ಒಂದೇ ಸಮನೆ ಮುಂದೊತ್ತತೊಡಗಿದರು. ನಿಧಿ ನನ್ನ ಕೈ ಹಿಸುಕುತ್ತಿದ್ದಳು. ಶ್ರೀಧರ ಮೆಲ್ಲಗೆ ನನ್ನ ಚಪ್ಪಲಿಯ ಕಡೆ ನೋಡಿದರು. ಅಷ್ಟು ಸಾಕಾಯಿತು. ಒಂದು ವೇಳೆ ಈ ಕಾಲ್ಗುಣ ನಿಜವಾಗಿಯೂ ಇದ್ದರೆ? ಮಗುವಿನ ಕೊನೆಯ ವರ್ಷ ಬೇರೆ! “ಬಾತ್‌ರೂಮಿಗೆ ಹೋಗ್ಬರ್ತೀನಿ” ಎಂದು ಎದ್ದವಳೇ ಪ್ರೆಟ್ಜೆಲ್ ಅಂಗಡಿಯ ಹಿಂದೆ ಮೈದಾನಕ್ಕೆ ಬೆನ್ನು ಹಾಕಿ, ಕಣ್ಣು ಮುಚ್ಚಿ, ರಾಯರನ್ನು ನೆನೆಯುತ್ತ ನಿಂತೆ. ನೆಲ ಡೊಂಕು ಎಂದು ಗಾದೆ ಹೇಳಿದವಳೂ ನಾನೇ. ಸ್ವಲ್ಪ ಹೊತ್ತಿಗೆ ಇಡೀ ಸ್ಟೇಡಿಯಂ ಒಟ್ಟಿಗೆ ನರಳಿತು. ಸೋತಿದ್ದೆವು.

ನನಗೆ ತಡೆಯಲಾರದಷ್ಟು ಖುಷಿ! ತಲೆ ಮೇಲೆ ಕೈ ಹೊತ್ತು ಕೂತವರ ಮಧ್ಯೆ ನುಗ್ಗಿ ಓಡಿಬಂದೆ. “ನೋಡಿದ್ರಾ? ನಾನು ಇಲ್ಲಿ ಇರಲೇ ಇಲ್ಲ! ಇನ್ನು ನನ್ನ ಕಾಲಿನ ಸುದ್ದಿ ಎತ್ತಿದ್ರೆ ನೋಡಿ!” ಸುತ್ತಲಿದ್ದವರು ನನ್ನನ್ನು ತಿಂದುಹಾಕುವಂತೆ ನೋಡಿದರು. ಶ್ರೀಧರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನಿಧಿ ಕಣ್ಣೊರೆಸಿಕೊಂಡು ಯೋಚಿಸಿದಳು. “ಅಮ್ಮಾ, ನೀನು ಕೂತಿದ್ದಾಗ ವೀ ವರ್ ವಿನ್ನಿಂಗ್. ಯೂ ಗಾಟ್ ಅಪ್, ಆ್ಯಂಡ್ ವೀ ಲಾಸ್ಟ್. ಡೋಂಟ್ ಯೂ ಡೇರ್ ಮೂವ್ ನೆಕ್ಸ್ಟ್ ಟೈಮ್.”

“ಲಾಜಿಕ್ ಕರೆಕ್ಟಾಗಿದೆ” ಎಂದರು ಅವಳಪ್ಪ, ಪ್ರಾಣ ಬಂದವರ ಹಾಗೆ.

ಸೂಟಿನವರು ಟಿ.ವಿ.ಯಲ್ಲಿ ಹೊಸದಾಗಿ ಕವಡೆ ಹಾಕುತ್ತಿದ್ದಾರೆ. ನಮ್ಮ ಮನೆಯಲ್ಲಿ ತೀರ್ಮಾನವಾಗಿಹೋಗಿದೆ: ನವೆಂಬರಿನ ಕೊರೆಯುವ ಚಳಿಯವರೆಗೂ ಆ ತಣ್ಣನೆ ಹಲಗೆಯ ಮೇಲೆ, ಮಗಳ ಪಕ್ಕದಲ್ಲಿ, ನಾನು ಕೂತಿರಬೇಕು. ಬೇಡಿದ್ದೇ ಸಿಕ್ಕಿತಲ್ಲ, ದೂರುವ ಹಾಗಿಲ್ಲ. ಆಟದ ದಿನ ಬೆಳಗ್ಗೆಯಿಂದ ಅಪ್ಪ ಮಗಳು ನನಗೊಂದು ಲೋಟ ಕಾಫಿ ಕೊಡುವುದಿಲ್ಲ. ಮಧ್ಯದಲ್ಲಿ ಎದ್ದುಬಿಟ್ಟರೆ ಅಂತ ಭಯ.