ಜಾಳು ಪರದೆಯ ಓಟು

ತೊಂದರೆ ಶುರುವಾದದ್ದು ಮತಗಟ್ಟೆಯ ಒಂದು ಪರದೆಯಿಂದ. ಬಟ್ಟೆ ಜಾಳು. ಬೇರೆಯವರ ಕಣ್ಣಿಗೆ ಅದು ಬೀಳಲಿಲ್ಲ. ದರ್ಜಿಯ ಕಣ್ಣಿಗೆ ಬಿತ್ತು.

ಅಲ್ಲಿಯವರೆಗೆ ಆ ಊರಿನಲ್ಲಿ ಸಂಸತ್ತಿನ ಚುನಾವಣೆ ಎಂದರೆ ಗಂಡಸರು ಬಯಲಲ್ಲಿ ನಿಂತು ಕೈ ಎತ್ತುವುದು. ಬೀದಿಯ ಅಂಗಡಿ ಮಳಿಗೆಗಳ ಮಾಲೀಕ ಎದುರಿಗೇ ಕುರ್ಚಿ ಹಾಕಿಕೊಂಡು ತನಗೆ ಯಾರ ಕೈ ಏಳಲಿಲ್ಲವೆಂದು ನೋಡುತ್ತಿದ್ದ. ಎತ್ತದವನ ಅಂಗಡಿಗೆ ಮರುದಿನ ಬೀಗ. ಇದನ್ನು ಚುನಾವಣೆ ಎನ್ನಲು ನಾಚಿಕೆಯಾಗಬೇಕಿತ್ತು. ಆದದ್ದು ಊರಿನ ಸೂಲಗಿತ್ತಿ ಒಬ್ಬಳಿಗೇ. ಆಕೆಯಂಥವರು ಊರೂರಲ್ಲಿ ಬೈಸಿಕೊಂಡು, ಕಲ್ಲೇಟು ತಿಂದು ಹಟ ಹಿಡಿದ ಮೇಲೆ ಕಾನೂನು ಬದಲಾಯಿತು. ಹೆಂಗಸರಿಗೂ ಓಟು, ಅದೂ ಗುಟ್ಟಿನ ಓಟು. ಈ ಸಲ ಮಾಲೀಕನೆದುರು ಆಕೆಯೇ ಚುನಾವಣೆಗೆ ನಿಂತಿದ್ದಳು.

"ನಮ್ಮ ಮೂರೂ ಮಕ್ಕಳ ಹೆರಿಗೆ ಮಾಡಿಸ್ದೋಳು ರೀ. ಹಾಕೋದು ಆಯಮ್ಮನಿಗೇ," ಎಂದಳು ದರ್ಜಿಯ ಹೆಂಡತಿ, ಓಟಿನ ಸಾಲಿನಲ್ಲಿ.

"ಗೊತ್ತು, ಮೆಲ್ಲಗೆ ಮಾತಾಡೇ."

ಒಳಗೆ ಹೋದ ದರ್ಜಿ ಪರದೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದ. "ಸಾರ್, ಇದು ಸೊಳ್ಳೆಪರದೆಗೂ ಸಾಲಲ್ಲ. ಆಚೆ ನಿಂತೋರು ನನ್ನ ಅಂಗಿ ಗುಂಡಿ ಎಣಿಸ್ಬಹುದು."

"ಓಟು ಹಾಕೋಕೆ ಬಂದ್ರೋ, ಬಟ್ಟೆ ಕೊಳ್ಳೋಕೆ ಬಂದ್ರೋ?" ಎಂದ ಅಧಿಕಾರಿ. "ನಡೀರಿ ಒಳಗೆ."

ಪೆನ್ಸಿಲ್ ಸೂಲಗಿತ್ತಿಯ ಹೆಸರಿನ ಹತ್ತಿರ ಬಂದಿತ್ತು. ಆಗ ಪರದೆಯಾಚೆ ಒಂದು ಕೆಮ್ಮು, ತುಕ್ಕು ಹಿಡಿದ ಷಟರ್ ಎಳೆದಂತೆ. ಮಾಲೀಕನದೇ! ದರ್ಜಿಯ ಕೈ ಹೆದರಿದ ಮೇಕೆಯಂತೆ ಮಾಲೀಕನ ಹೆಸರಿಗೆ ಹಾರಿ ಗುರುತು ಹಾಕಿತು.

ಹೊರಬಂದು ನೋಡಿದರೆ ಕೆಮ್ಮುತ್ತಿದ್ದವನು ಹಾಲಿನವನು.

"ಯಾಕ್ರೀ ಮುಖ ಹಿಂಗಾಗಿದೆ?" ಎಂದಳು ಹೆಂಡತಿ.

"ಸಂತೋಷಕ್ಕೆ."

ಸಂಜೆ ಆ ಬೀದಿಯ ಪೆಟ್ಟಿಗೆ ಎಣಿಸಿದಾಗ ಮಾಲೀಕನಿಗೆ ಬಿದ್ದದ್ದು ಎರಡೇ ಓಟು. ಒಂದು ಅವನದೇ. ಉಳಿದದ್ದೆಲ್ಲ ಸೂಲಗಿತ್ತಿಗೆ. ಊರಿನ ಬೇರೆ ಪೆಟ್ಟಿಗೆಗಳಲ್ಲೂ ಆಕೆಯೇ ಮುಂದೆ, ಗೆದ್ದಳು.

ಅಂಗಡಿಯಾದರೂ ಉಳಿಯಿತು ಎಂದುಕೊಂಡು ದರ್ಜಿ ಮಾಲೀಕನ ಮನೆಗೆ ಓಡಿದ. "ಯಜಮಾನ್ರೇ, ಆ ಇನ್ನೊಂದು ಓಟು ನಂದು."

"ಸಾಲಲ್ಲಿ ನಿಂತ್ಕೋ," ಎಂದ ಮಾಲೀಕ.

ಜಗಲಿಯ ಮೇಲೆ ಬೀದಿಯ ಅಂಗಡಿಯವರೆಲ್ಲ ನಿಂತಿದ್ದರು.

"ಇವರೆಲ್ಲ ಅದೇ ಓಟು ಹಾಕ್ದೋರಂತೆ. ಒಳಗೆ ನನ್ನ ಹೆಂಡ್ತೀನೂ ಅದು ತನ್ನದೇ ಅಂತಾಳೆ. ಎಲ್ಲರನ್ನೂ ಓಡಿಸಿದ್ರೆ ಬಾಡಿಗೆ ಯಾರು ಕೊಡ್ತಾರೆ? ಒಬ್ಬನನ್ನಾದ್ರೂ ಓಡಿಸ್ದೆ ಇದ್ರೆ ನನಗೆ ನಿದ್ದೆ ಬರಲ್ಲ." ಅವನು ದರ್ಜಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀನೇ ಆಗು. ಬೆವರು ಸುರಿಯೋದು ನೋಡಿದ್ರೇ ಗೊತ್ತಾಗುತ್ತೆ, ಸುಳ್ಳು ಹೇಳ್ತಿದೀಯ."

ಸೂಲಗಿತ್ತಿಗೆ ಓಟು ಹಾಕಿ ದರ್ಜಿ ಅಂಗಡಿ ಕಳೆದುಕೊಂಡನೆಂಬ ಸುದ್ದಿ ಬೀದಿಗೆ ಹಬ್ಬಿತು. ಸೂಲಗಿತ್ತಿಯೇ ಓಡಿಬಂದು ಅವನ ಕೈ ಹಿಡಿದಳು.

"ಅಂಗಡಿ ಹೋದ್ರೂ ಸರಿ ಅಂತ ಮನಸ್ಸಿಗೆ ಬಂದೋರಿಗೆ ಹಾಕಿದೆಯಲ್ಲಪ್ಪ. ನಾವು ಬೈಸಿಕೊಂಡಿದ್ದು ಸಾರ್ಥಕ ಆಯ್ತು. ಸಂಸತ್ತಲ್ಲಿ ನನ್ನ ಮೊದಲ ಮಾತು ಬಾಡಿಗೆಯವರದ್ದೇ."

ಹೆಂಡತಿ ಹೆಮ್ಮೆಯಿಂದ ಸೆರಗಲ್ಲಿ ಕಣ್ಣೊರೆಸಿಕೊಂಡಳು. ದರ್ಜಿ ನಿಜ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಜನ ಅವನನ್ನು ಹೆಗಲಿಗೇರಿಸಿಕೊಂಡಿದ್ದರು.

"ಆ ಎರಡನೇ ಓಟು ಹಾಕಿದ ಹೇಡಿ ಯಾರಿರಬಹುದಣ್ಣ?" ಎಂದ ಕೆಳಗಿನಿಂದ ಹಾಲಿನವನು.

"ಯಾರೋ ಪಾಪ, ಕಣ್ಣು ಮಂಜಾದೋರು. ಬಿಟ್ಬಿಡಪ್ಪ," ಎಂದ ದರ್ಜಿ ಮೇಲಿನಿಂದ.

"ಎಂಥ ದೊಡ್ಡ ಮನಸ್ಸು ನಿಂದು!"

ಮೆರವಣಿಗೆ ಹೊರಟಿತು. ಹಿಂದೆ, ಅಂಗಡಿಯಿಂದ ಹೊರಬಿದ್ದ ಅವನ ಹೊಲಿಗೆ ಮಷೀನು ಹೊತ್ತವರು ಅದನ್ನು ಎಲ್ಲಿ ಇಳಿಸಬೇಕೆಂದು ಕೇಳುತ್ತಲೇ ಇದ್ದರು.