ಬಸ್ಸಣ್ಣನ ಗಿಟಾರು ಕೇಳಿದವರು

ಆರ್ಕೆಸ್ಟ್ರಾ ಕಟ್ಟಿಕೊಂಡು ಊರೂರು ತಿರುಗುವವರು ಎಡವಟ್ಟುಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಬಸ್ ಸ್ಟ್ಯಾಂಡಿನಲ್ಲಿ ನಮಗಾಗಿ ಕಾಯ್ತಾ ನಿಂತಿರುತ್ತವೆ. ಎಪ್ಪತ್ತರ ದಶಕದ ಕೊನೆಯಿಂದ ಹತ್ತು ಹನ್ನೆರಡು ವರ್ಷ ಸಾಗರ, ಹೊಸನಗರ, ತೀರ್ಥಹಳ್ಳಿ ಅಂತ ಗಣಪತಿ ಪೆಂಡಾಲಿನಿಂದ ಹಿಡಿದು ಸ್ಕೂಲ್ ಡೇವರೆಗೆ ನಾವು ಹೋಗದ ಜಾಗ ಇಲ್ಲ. ನಾನು ಹಗಲು ಸಾಗರದ ಪೇಟೆಯಲ್ಲಿ ಟೈಲರ್, ಸಂಜೆ ಡ್ರಮ್ಮರ್. ಎರಡಕ್ಕೂ ಕಾಲು ಗಟ್ಟಿ ಇರಬೇಕು, ತಲೆ ಅಷ್ಟೊಂದು ಬೇಕಾಗಿಲ್ಲ.

ಈಗ ಹೇಳೋದು ನನ್ನ ಪಕ್ಕ ನಿಂತು ಬೇಸ್ ಗಿಟಾರ್, ಅಂದ್ರೆ ಹಾಡಿನ ಅಡಿಯಲ್ಲಿ ದಪ್ಪ ದನಿ ಕೊಡುವ ಗಿಟಾರ್, ನುಡಿಸುತ್ತಿದ್ದ ಗೆಳೆಯನ ವಿಷಯ. ಮೂರೂ ತಾಲ್ಲೂಕಿನವರು ಅವನನ್ನು ಬಸ್ಸಣ್ಣ ಅಂತಿದ್ದರು. ಅಂಥ ವಾದ್ಯಗಾರನನ್ನು ನಾನು ಮತ್ತೆ ನೋಡಲಿಲ್ಲ, ನೋಡೋದೂ ಇಲ್ಲ. ನಲವತ್ತು ತುಂಬುವ ಮೊದಲೇ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟ, ಪುಣ್ಯಾತ್ಮ. ಇದ್ದಷ್ಟು ದಿನ ಅವನಿಗೆ ಇದ್ದ ಆಸೆ ಒಂದೇ. ಯಾರಾದರೂ ಒಬ್ಬರು ಹತ್ತಿರ ಬಂದು "ನಿನ್ನ ಗಿಟಾರು ಕೇಳಿಸ್ತು ಮಾರಾಯ" ಅನ್ನಬೇಕು, ಅಷ್ಟೇ.

ಎರಡು ತಂತಿ ಎಲ್ಲಿ?

ಅವನು ಚಿಕ್ಕ ವಯಸ್ಸಿಗೇ ಮುಂಬಯಿಗೆ ಹೋಟೆಲ್ ಕೆಲಸಕ್ಕೆ ಹೋಗಿದ್ದ. ಆ ಹೋಟೆಲಿನಲ್ಲಿ ದಿನಾ ಬ್ಯಾಂಡ್ ನುಡಿಸುತ್ತಿದ್ದರಂತೆ. ಇವನು ತಟ್ಟೆ ಎತ್ತೋದು ಬಿಟ್ಟು ಬೇಸ್ ಗಿಟಾರಿನವನ ಬೆರಳು ನೋಡ್ತಾ ನಿಂತ. ಕೊನೆಗೆ ಅವನ ಹತ್ತಿರವೇ ಕಲಿತು, ಅವನ ಹಳೇ ಗಿಟಾರನ್ನೇ ಹೆಗಲಿಗೆ ಹಾಕಿಕೊಂಡು ಊರಿಗೆ ಬಂದ. ಜೊತೆಗೆ ಫಂಕ್ ಅನ್ನೋ ಸಂಗೀತದ ಹುಚ್ಚನ್ನೂ ತಂದ. ನಮ್ಮ ಸಿನಿಮಾ ಹಾಡುಗಳ ಅಡಿಯಲ್ಲಿ ಅದನ್ನು ಸದ್ದಿಲ್ಲದೆ ಸೇರಿಸಿಬಿಡುತ್ತಿದ್ದ. ಹಾಡು ಅದೇ, ಆದರೆ ಕೂತವರ ಮಂಡಿ ತಾನಾಗಿಯೇ ಅಲ್ಲಾಡೋಕೆ ಶುರುವಾಗ್ತಿತ್ತು.

ಅವನ ಮೊದಲ ಪ್ರೋಗ್ರಾಂ ಸಾಗರದಲ್ಲೇ. ಗಣಪತಿ ಕಮಿಟಿಯ ಅಧ್ಯಕ್ಷರು ಸ್ಟೇಜ್ ಹತ್ತಿ ಗಿಟಾರನ್ನು ಅತ್ತ ಇತ್ತ ತಿರುಗಿಸಿ ನೋಡಿದರು.

"ಎಲ್ಲರ ಗಿಟಾರಿಗೂ ಆರು ತಂತಿ ಇರ್ತದೆ. ನಿಂದಕ್ಕೆ ಎರಡು ಕಿತ್ತುಹೋಗಿದೆಯನಾ?"

"ಇಲ್ಲ ಸಾರ್, ಇದಕ್ಕೆ ಇರೋದೇ ಇಷ್ಟು."

"ಹಾಕಿಸ್ಕೊಂಡು ಬರೋದಲ್ವನಾ? ಜನ ಎಂತ ಅಂದ್ಕೊಳ್ತಾರೆ?"

ಪ್ರೋಗ್ರಾಂ ಮುಗೀತು. ಅಧ್ಯಕ್ಷರು ಎಲ್ಲರ ಬೆನ್ನು ತಟ್ಟಿದರು. ಹಾಡು ಚೆನ್ನಾಗಿತ್ತು ಅಂದರು, ಡ್ರಮ್ಮೂ ಚೆನ್ನಾಗಿತ್ತು ಅಂದರು. ಇವನ ಮುಂದೆ ಬಂದು ನಿಂತರು. ಇವನು ಆಸೆಯಿಂದ ಅವರ ಬಾಯಿ ನೋಡ್ತಿದ್ದ.

"ನಿಂದೊಂದು ಕೇಳಿಸ್ಲೇ ಇಲ್ಲ ಕಣಾ. ನಾನು ಮೊದಲೇ ಬಡ್ಕೊಂಡೆ. ಆ ಎರಡು ತಂತಿ ಇದ್ದಿದ್ರೆ ಕೇಳಿಸ್ತಿತ್ತು!"

ಬಸ್ ಗಿಟಾರ್

ಬಸ್ಸಣ್ಣ ಅನ್ನೋ ಹೆಸರು ಹೊಸನಗರದ್ದು. ಅಲ್ಲಿನ ಕಾರ್ಯಕ್ರಮಕ್ಕೆ ಹ್ಯಾಂಡ್‌ಬಿಲ್ ಹೊಡೆಸಿದ್ದರು. ಅಚ್ಚು ಜೋಡಿಸುವವನ ಹತ್ತಿರ 'ಬೇ' ಖಾಲಿಯಾಗಿತ್ತೋ, ಅಥವಾ ಬೇಸ್ ಅನ್ನೋ ಪದವೇ ಇಲ್ಲ ಅಂತ ಅವನೇ ತಿದ್ದಿದನೋ, ಅಂತೂ ದಪ್ಪ ಅಕ್ಷರದಲ್ಲಿ 'ಮೊಟ್ಟಮೊದಲ ಬಾರಿಗೆ ಬಸ್ ಗಿಟಾರ್' ಅಂತ ಬಂದಿತ್ತು. ಜನ ಅಂದ್ರೆ ಜನ! ಮೂರು ಹಾಡಾದರೂ ಬಸ್ಸಿನ ಸುಳಿವಿಲ್ಲ. ಹಿಂದಿನಿಂದ ಕೂಗಾಟ ಶುರುವಾಯಿತು.

"ಬಸ್ ಗಿಟಾರ್ ಎಲ್ಲ್ರೀ?"

ಇವನು ನಾಚಿಕೊಂಡು ಗಿಟಾರನ್ನು ಮೇಲೆತ್ತಿ ತೋರಿಸಿದ. "ಇದೇ ಸಾರ್."

ಜನ ಕತ್ತು ಉದ್ದ ಮಾಡಿ ನೋಡಿದರು. ಆಮೇಲೆ ಒಬ್ಬ ಎದ್ದು ನಿಂತು, "ಇಷ್ಟಕ್ಕೆ ಬಸ್ ಯಾಕ್ರೋ, ಸೈಕಲ್ ಸಾಕಿತ್ತಲ್ಲ!" ಅಂದ.

ನಿಜ ಹೇಳಬೇಕು ಅಂದರೆ ಬಸ್ಸೇ ಬೇಕಾಗಿತ್ತು. ಗಿಟಾರಿನ ಜೊತೆಗೆ, ಅದರ ಸದ್ದು ಹೊರಡೋಕೆ ಅಂತಲೇ ಅವನದ್ದೊಂದು ಸ್ಪೀಕರ್ ಪೆಟ್ಟಿಗೆ ಇತ್ತು. ಹಲಸಿನ ಮರದಲ್ಲಿ ಆಚಾರಿ ಹತ್ತಿರ ಮಾಡಿಸಿದ್ದು. ಅದನ್ನು ಬಸ್ಸಿನ ಟಾಪಿಗೆ ಹತ್ತಿಸುವಾಗ ಕಂಡಕ್ಟರ್ ನಮ್ಮ ವಂಶವನ್ನೆಲ್ಲ ನೆನೆಸ್ತಿದ್ದ.

ಎರಡೂ ಎಡಗೈ

ಹಗಲು ಹೊತ್ತು ಅವನು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರ್ತಿದ್ದ. ನಾನು ಹೊಲಿಗೆ ಮಷಿನ್ ತುಳಿದ ಹಾಗೆ ಅವನು ನುಡಿಸೋದು. "ತಾಳದಲ್ಲಿ ಒಂದು ಅನ್ನೋ ಏಟನ್ನ ಮಾತ್ರ ಇಬ್ಬರೂ ಒಟ್ಟಿಗೆ ಊರಬೇಕು ಕಣಾ. ಉಳಿದಿದ್ದು ಹೇಗೆ ಬೇಕಾದ್ರೂ ಕುಣೀಲಿ" ಅಂತಿದ್ದ. ನಾನು ಡ್ರಮ್ ಕಲಿತದ್ದು ಡ್ರಮ್ಮಿನ ಮೇಲಲ್ಲ, ಹೀಗೆ ಪೆಡಲ್ ತುಳೀತಾ ಅವನ ಹತ್ತಿರ. ಅಷ್ಟು ತಾಳ್ಮೆಯಿಂದ ನಮ್ಮಪ್ಪನೂ ನನಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ.

ಒಂದು ದಿನ ಇಬ್ಬರಿಗೂ ಮೈಮೇಲೆ ಬಂದ ಹಾಗಾಗಿ, ನಾನು ಯಾವ ಬಟ್ಟೆ ಹೊಲಿದೆ ಅಂತ ನನಗೇ ಗೊತ್ತಾಗಲಿಲ್ಲ. ಮಾರನೇ ದಿನ ಟೀಚರಮ್ಮ ಒಬ್ಬರು ಬ್ಲೌಸ್ ಹಿಡಿದುಕೊಂಡು ಉರೀತಾ ಬಂದರು.

"ಏನ್ರೀ ಇದು, ಎರಡೂ ಎಡಗೈ ಕೂರಿಸಿದ್ದೀರಲ್ಲ!"

ಸ್ಟೂಲಿನ ಮೇಲಿದ್ದ ಬಸ್ಸಣ್ಣ ಕೈ ಮುಗಿದು ಎದ್ದ. "ತಪ್ಪು ಅವನದ್ದಲ್ಲ ಟೀಚರೇ, ನಂದು. ಪಲ್ಲವಿ ಎರಡು ಸಲ ಬರ್ತದಲ್ಲ, ಹಾಗೆ ಎಡಗೈ ಎರಡು ಸಲ ಬಂದುಬಿಡ್ತು."

ಟೀಚರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಸರಿ, ಸಂಜೆಯೊಳಗೆ ಚರಣ ಹಾಕಿಡಿ" ಅಂತ ಬ್ಲೌಸ್ ಬಿಸಾಕಿ ಹೋದರು.

ಕೆಸರು

ತೀರ್ಥಹಳ್ಳಿಯ ಒಂದು ಸ್ಕೂಲ್ ಡೇಯಲ್ಲಿ ಕನ್ನಡ ಪಂಡಿತರು ನಮ್ಮನ್ನು ವಿಚಾರಿಸಿಕೊಳ್ಳೋಕೆ ಬಂದರು. ಮಾತಿನ ನಡುವೆ ಇವನು ಫಂಕ್ ಅಂದ.

"ಪಂಕವೇ? ಪಂಕ ಅಂದ್ರೆ ಕೆಸರು ಕಣಯ್ಯಾ!"

ಇವನಿಗೆ ಖುಷಿಯೋ ಖುಷಿ. "ಸರಿಯಾಗಿ ಹೇಳಿದ್ರಿ ಮೇಷ್ಟ್ರೇ! ಕಾಲಿಟ್ರೆ ಒಳಗೆ ಎಳ್ಕೊಳ್ತದೆ, ಬಿಡೋದೇ ಇಲ್ಲ."

ಆವತ್ತು ಹಾಡುವವರ ಗಂಟಲು ಕಟ್ಟಿ, ಸ್ವಲ್ಪ ಹೊತ್ತು ಇವನೊಬ್ಬನೇ ನುಡಿಸಬೇಕಾಯಿತು. ಎಂಥಾ ಕೈ ಅಂತೀರಿ! ಎಳೆದು, ತಡೆದು, ಹೋಗ್ತೀನಿ ಅಂತ ಹೇಳಿ ಹೋಗದೆ ಆಟ ಆಡಿಸಿದ. ಪಂಡಿತರು ಸ್ಟೇಜಿನ ಪಕ್ಕ ನಿಂತು ಕಾಲು ಕುಟ್ಟಿ ಕುಟ್ಟಿ, ಅವರ ಚಪ್ಪಲಿಯ ಉಂಗುಷ್ಠವೇ ಕಿತ್ತುಬಂತು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಬಂದು "ಭೇಷ್" ಅಂದರು.

ಬಸ್ಸಣ್ಣನ ಕಣ್ಣು ಅರಳಿತು. "ಗಿಟಾರು ಕೇಳಿಸ್ತಾ ಮೇಷ್ಟ್ರೇ?"

"ಗಿಟಾರು ಯಾವಾಗ ಬಾರಿಸಿದೆ? ಡ್ರಮ್ಮು ಮಾತ್ರ ಅದ್ಭುತ!"

ನಾನು ಆ ಹೊತ್ತಿಗೆ ಸ್ಟೇಜಿನ ಹಿಂದೆ ಕಾಫಿ ಕುಡೀತಿದ್ದೆ.

ಬಸ್ಸಿನ ಸಂಬಂಧ

ಅವನಿಗೆ ಮದುವೆ ಮಾತು ಬಂತು. ಹುಡುಗಿ ತೀರ್ಥಹಳ್ಳಿ ಹತ್ತಿರದ ಮೇಳಿಗೆ ಕಡೆಯವಳು. ಅವಳ ಅಪ್ಪ ಜೀವಮಾನವೆಲ್ಲ ಅಕ್ಕಿ ಮಿಲ್ಲಿನಲ್ಲಿ ದುಡಿದು ಎರಡೂ ಕಿವಿ ಮಿಲ್ಲಿಗೇ ಬಿಟ್ಟು ಬಂದವರು. ಮಾತಾಡಿದರೆ ತುಂಗೆಯ ಆಚೆ ದಡದವರನ್ನು ಕೂಗಿದ ಹಾಗಿರ್ತಿತ್ತು. ಹೆಣ್ಣು ನೋಡೋಕೆ ಇವನ ಜೊತೆ ನಾನೂ ಹೋದೆ. ಹುಡುಗಿಯ ಚಿಕ್ಕಪ್ಪ ಭಾರೀ ಮರ್ಯಾದೆ ಕೊಟ್ಟು ಕೂರಿಸಿ ವಿಚಾರಿಸಿದರು.

"ಎಷ್ಟು ಬಸ್ಸಿದೆ?"

ಬೇಸ್ ಅನ್ನೋದನ್ನು ಜನ ಬಸ್ ಅನ್ನೋದು ಇವನಿಗೆ ಅಭ್ಯಾಸವಾಗಿತ್ತು. "ಒಂದೇ ಸಾರ್. ಮುಂಬಯಿಂದ ತಂದಿದ್ದು."

"ಓಹೋ! ಎಲ್ಲೆಲ್ಲಿ ಓಡ್ತದೆ?"

"ಸಾಗರ, ಹೊಸನಗರ, ತೀರ್ಥಹಳ್ಳಿ."

"ಜನ ತುಂಬ್ತಾರಾ?"

"ತುಂಬ್ತಾರೆ ಸಾರ್. ಮಧ್ಯದಲ್ಲಿ ಎದ್ದು ಹೋಗೋರೂ ಇದ್ದಾರೆ."

ನನಗೆ ತಡೆಯೋಕೆ ಆಗಲಿಲ್ಲ, ಬಾಯಲ್ಲಿದ್ದ ಕಾಫಿ ಮೂಗಿನಲ್ಲಿ ಬಂತು. ನಗು ಯಾಕೆ ಅಂತ ಕೇಳಿದರು, ಅಲ್ಲಿಗೆ ಗುಟ್ಟು ರಟ್ಟಾಯಿತು. ಚಿಕ್ಕಪ್ಪ ಎದ್ದು ಕುಣಿದಾಡಿದರು. "ಬಸ್ ಓನರ್ ಅಂತ ಹೇಳಿ ಗಿಟಾರ್ ಬಾರಿಸೋನನ್ನ ತಂದು ಕೂರಿಸಿದ್ದಾರೆ!" ಬಸ್ಸಣ್ಣ ತಲೆ ಎತ್ತಲಿಲ್ಲ. ಹುಡುಗಿ ಅವನಿಗೆ ಹಿಡಿಸಿದ್ದಳು, ಅದು ಅವನ ಮುಖದಲ್ಲೇ ಕಾಣ್ತಿತ್ತು. ಅವನ ಸಂಕಟ ನೋಡಿ ನನಗೆ ನನ್ನ ಮೂಗಿನ ಮೇಲೇ ಸಿಟ್ಟು ಬಂತು.

ಅಪ್ಪನಿಗೆ ಈ ಗಲಾಟೆ ಒಂದೂ ಕೇಳಿಸಿರಲಿಲ್ಲ. ಎಂತ ಆಯ್ತು ಅಂತ ಮಗಳನ್ನು ಕೇಳಿದರು. ಅವಳು ಕಿವಿಗೆ ಬಾಯಿಟ್ಟು, "ಬಸ್ಸಲ್ವಂತೆ ಅಪ್ಪಾ, ಗಿಟಾರಂತೆ!" ಅಂತ ಕೂಗಿ, "ಒಂದು ಸಲ ಕೇಳ್ಕಂಡು ಬನ್ನಿ!" ಅಂತ ತಾನೇ ಸೇರಿಸಿದಳು. ಅವಳಿಗೂ ಇವನು ಹಿಡಿಸಿದ್ದ ಅಂತ ಆಗ ಗೊತ್ತಾಯಿತು.

"ಆಯ್ತು, ಕೇಳಿಯೇ ಹೇಳ್ತೀನಿ" ಅಂದರು ಅಪ್ಪ. ಕಿವಿ ಕೇಳದ ಮನುಷ್ಯ ಗಿಟಾರು ಕೇಳಿ ಹೆಣ್ಣು ಕೊಡೋದು ಅಂತ ತೀರ್ಮಾನವಾಯಿತು.

ತೀರ್ಥಹಳ್ಳಿಯ ಮುಂದಿನ ಕಾರ್ಯಕ್ರಮಕ್ಕೆ ಅವರು ಬಂದಾಗ ಕುರ್ಚಿಯೆಲ್ಲ ಭರ್ತಿ. ಸ್ಟೇಜಿನ ಪಕ್ಕದಲ್ಲಿದ್ದ ಹಲಸಿನ ಪೆಟ್ಟಿಗೆ ಮೇಲೆ ಕೂತುಬಿಟ್ಟರು. ಬಸ್ಸಣ್ಣ ಮೊದಲ ಏಟು ಹಾಕಿದ, ಪೆಟ್ಟಿಗೆ ಗುಮ್ಮನೆ ಅದುರಿತು. ಅವರು ಧಡಕ್ಕನೆ ಎದ್ದರು. ಬಗ್ಗಿ ಪೆಟ್ಟಿಗೆಯ ಸುತ್ತ ನೋಡಿದರು. ಮೆಲ್ಲಗೆ ಮತ್ತೆ ಕೂತರು. ಆಮೇಲೆ ಮಂಗಳ ಹಾಡುವವರೆಗೆ ಏಳಲಿಲ್ಲ, ತಲೆ ತೂಗ್ತಾನೇ ಇದ್ದರು. ಮುಗಿದ ಮೇಲೆ ಇವನ ಎರಡೂ ಕೈ ಹಿಡಿದುಕೊಂಡು ಊರಿಗೇ ಕೇಳುವ ಹಾಗೆ ಹೇಳಿದರು.

"ಹಾಡೋರು ಸುಮ್ನೆ ಬಾಯಿ ಬಿಡ್ತಾರೆ! ಡ್ರಮ್ಮಿನವನು ಸುಮ್ನೆ ಕೈ ಬೀಸ್ತಾನೆ! ಕೆಲಸ ಮಾಡೋನು ನೀನೊಬ್ಬನೇ ಕಣಾ! ಮಿಲ್ಲು ಓಡಿದ ಹಾಗೆ ಕೇಳಿಸ್ತು!"

ಬಸ್ಸಣ್ಣ ಅಲ್ಲೇ ಅತ್ತುಬಿಟ್ಟ. ಮದುವೆಯಾಯಿತು, ಚೆನ್ನಾಗಿ ಬಾಳಿದರು. ಪ್ರತಿ ಕಾರ್ಯಕ್ರಮಕ್ಕೂ ಮಾವನನ್ನು ಕರೆಸಿ ಪೆಟ್ಟಿಗೆ ಮೇಲೆ ಕೂರಿಸ್ತಿದ್ದ. "ಮೂರು ತಾಲ್ಲೂಕಲ್ಲಿ ನನ್ನ ಗಿಟಾರು ಕೇಳಿದ್ದು ನಮ್ಮ ಮಾವ ಒಬ್ಬರೇ. ಅದೂ ಕಿವಿಯಿಂದ ಅಲ್ಲ" ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡ್ತಿದ್ದ.

ಶುರು ಯಾವಾಗ?

ಅವನು ಹೋದ ಮೇಲೆ ಸಾಗರದಲ್ಲಿ ಅವನ ನೆನಪಿಗೆ ಒಂದು ಸಂಜೆ ಹಾಡೋಣ ಅಂತ ಸೇರಿದೆವು. ಗಿಟಾರಿಗೆ ಹಾರ ಹಾಕಿ ಕುರ್ಚಿಯ ಮೇಲೆ ಇಟ್ಟೆವು. ಪೆಟ್ಟಿಗೆಯೂ ಅದರ ಜಾಗದಲ್ಲೇ ಇತ್ತು. ಮಗಳ ಕೈ ಹಿಡಿದುಕೊಂಡು ಬಂದ ಮಾವ ನೇರ ಹೋಗಿ ಅದರ ಮೇಲೆ ಕೂತರು. ಬೇಡ ಅನ್ನೋಕೆ ಯಾರಿಗೆ ಬಾಯಿ ಬರ್ತದೆ?

ಮೊದಲನೇ ಹಾಡಿಗೇ ಮುಂದಿನ ಸಾಲಿನಿಂದ ಗಣಪತಿ ಕಮಿಟಿಯ ಅದೇ ಅಧ್ಯಕ್ಷರು ಕೂಗಿದರು. "ಏ, ಮೈಕ್ ಸರಿ ಮಾಡ್ರೋ! ಏನೋ ಕಮ್ಮಿ ಆಗಿದೆ!" ಹಿಂದಿನವರೂ ದನಿ ಸೇರಿಸಿದರು. ಮೈಕ್‌ಸೆಟ್‌ನವನು ವೈರೆಲ್ಲ ಕಿತ್ತು ಜೋಡಿಸಿ, "ದೇವರಾಣೆ ಎಲ್ಲಾ ಸರಿ ಇದೆ" ಅಂತ ಅಳೋ ಹಾಗಾದ. ಕಮ್ಮಿ ಆಗಿದ್ದು ಏನು ಅಂತ ನನಗೆ ಗೊತ್ತಿತ್ತು. ಒಂದು ಅನ್ನೋ ಏಟು ಊರುವಾಗಲೆಲ್ಲ ಪಕ್ಕದಲ್ಲಿ ಹಳ್ಳ ಇದ್ದ ಹಾಗೆ ನನ್ನ ಕಾಲು ಜಾರ್ತಿತ್ತು. ಆದರೂ ಹೇಳದೆ ಮುಂದಿನ ಹಾಡಿಗೆ ಕೋಲು ಎತ್ತಿದೆ.

ನಾಲ್ಕನೇ ಹಾಡು ಮುಗಿದಾಗ ಪೆಟ್ಟಿಗೆ ಮೇಲಿಂದ ಮಿಲ್ಲಿನ ದನಿ ಕೇಳಿಸಿತು.

"ಎಂತ, ಇನ್ನೂ ಶುರುನೇ ಮಾಡ್ಲಿಲ್ವಲ್ರೋ?"

ಮಗಳು ಓಡಿಬಂದು ಕಿವಿಗೆ ಬಾಯಿಟ್ಟಳು. "ನಾಲ್ಕು ಹಾಡಾಯ್ತು ಅಪ್ಪಾ!"

ಅವರು ಪೆಟ್ಟಿಗೆ ಮೇಲೆ ಅಂಗೈ ಒತ್ತಿ ನೋಡಿದರು. "ಸುಳ್ಳು ಹೇಳ್ಬೇಡ."

"ಅವರಿಲ್ವಲ್ಲಪ್ಪಾ! ಇನ್ಮೇಲೆ ಹೀಗೇ!"

ಅವರು ಪೆಟ್ಟಿಗೆ ಮೇಲಿಂದ ಅಂಗೈ ತೆಗೆದರು. ಹೆಗಲ ಮೇಲಿನ ಟವೆಲಿನಲ್ಲಿ ಕಣ್ಣು ಒರೆಸಿಕೊಂಡರು. ಆಮೇಲೆ ತಲೆ ಎತ್ತಿ, ಹಾಡುವವರನ್ನು, ಹಾರ್ಮೋನಿಯಂನವನನ್ನು, ಕೊನೆಗೆ ನನ್ನನ್ನು ಒಬ್ಬೊಬ್ಬರನ್ನೇ ನೋಡಿ, ಇಡೀ ಸಾಗರಕ್ಕೆ ಕೇಳುವ ಹಾಗೆ ಮಗಳನ್ನು ಕೇಳಿದರು.

"ಹಾಗಾದ್ರೆ ಇವರೆಲ್ಲ ಅಲ್ಲಿ ಎಂತ ಮಾಡ್ತಿದಾರೆ?"

ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಅಧ್ಯಕ್ಷರು ಕಣ್ಣಲ್ಲಿ ನೀರು ಬರೋವರೆಗೆ ನಕ್ಕು, ಆ ನೀರನ್ನು ಒರೆಸಿಕೊಳ್ಳದೆ ಹಾಗೇ ಕೂತರು. ನಾನೂ ನಕ್ಕೆ, ಅತ್ತೆ, ಡ್ರಮ್ಮಿನ ಕೋಲು ಕೆಳಗಿಟ್ಟೆ. ಆ ಹಿರಿಯರು ಕೇಳಿದ್ದು ಸರಿಯಾಗೇ ಇತ್ತು.